ಸೋತವರು ಮುಂದಿನ ಭಾನುವಾರವೂ ಬರಲಿ: ಶಿವಮೊಗ್ಗದಲ್ಲೊಂದು ಫೈಟಿಂಗ್ ಗೇಮ್ ಕೂಟ

ಫೈಟಿಂಗ್ ಗೇಮ್ ಅಂದರೆ ಪರದೆಯ ಮೇಲೆ ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೊ ಆಟ. ಅದರ ಕೂಟ ಶುರು ಮಾಡಲು ಹೊರಟವರು ಮೊದಲು ಕೇಳುವುದು ‘ಬಹುಮಾನ ಎಷ್ಟಿಡೋಣ?’ ಅಂತ. ಆ ಪ್ರಶ್ನೆಯನ್ನು ಒಂದು ವರ್ಷ ಪಕ್ಕಕ್ಕಿಡಿ. ನಮ್ಮಂಥ ಊರಿನಲ್ಲಿ ಬ್ಯಾನರ್ ಕಟ್ಟಿ ದೊಡ್ಡ ಟೂರ್ನಮೆಂಟ್ ಮಾಡಿದರೆ ಮೊದಲ ಸಲ ಜನ ಸೇರುತ್ತಾರೆ, ನಿಜ. ಅವರಲ್ಲಿ ಇಬ್ಬರೋ ಮೂವರೋ ಪಳಗಿದವರು ಉಳಿದವರನ್ನೆಲ್ಲ ಹತ್ತು ನಿಮಿಷದಲ್ಲಿ ಮನೆಗೆ ಕಳಿಸುತ್ತಾರೆ. ಎರಡನೇ ಸಲ ಆ ಮೂವರೇ ಬರುತ್ತಾರೆ. ಕೂಟದ ಆರೋಗ್ಯ ತಿಳಿಯಬೇಕಿದ್ದರೆ ಒಂದು ನೋಟ್‌ಬುಕ್ ಸಾಕು: ಹೋದ ವಾರ ಒಂದೂ ಗೆಲ್ಲದವರಲ್ಲಿ ಈ ವಾರ ಎಷ್ಟು ಮಂದಿ ಮತ್ತೆ ಬಂದರು ಎಂದು ಬರೆದಿಡಿ. ಮುಂದೆ ಹೇಳುವುದೆಲ್ಲ ಆ ಅಂಕಿಗಾಗಿಯೇ.

ಆಟ ಒಂದೇ ಇರಲಿ. ಹತ್ತು ಜನರನ್ನು ಮೂರು ಆಟಕ್ಕೆ ಹಂಚಿದರೆ ಯಾವುದಕ್ಕೂ ಎದುರಾಳಿ ಸಿಗುವುದಿಲ್ಲ. ಸದ್ಯಕ್ಕೆ ಆಯ್ಕೆ ಎರಡು. 2023ರ ಸ್ಟ್ರೀಟ್ ಫೈಟರ್ 6 ಹಳೆಯ ಪಿಎಸ್4ರಲ್ಲೂ (ಪ್ಲೇಸ್ಟೇಷನ್ 4) ಓಡುತ್ತದೆ, ಹಾಗಾಗಿ ಮನೆಯಲ್ಲಿ ಬಿದ್ದಿರುವ ಕನ್ಸೋಲ್‌ಗಳು ಕೆಲಸಕ್ಕೆ ಬರುತ್ತವೆ. 2024ರ ಟೆಕ್ಕನ್ 8ಕ್ಕೆ ಪಿಎಸ್5, ಹೊಸ ಎಕ್ಸ್‌ಬಾಕ್ಸ್ ಸೀರೀಸ್ ಅಥವಾ ಗಟ್ಟಿ ಪಿಸಿಯೇ ಬೇಕು, ಪಿಸಿಯಲ್ಲಿ 100 ಜಿಬಿ ಜಾಗವೂ ಬೇಕು. ಆದರೆ ಟೆಕ್ಕನ್ 3 ಆಡಿ ಬೆಳೆದವರು ಊರ ತುಂಬ ಇದ್ದಾರೆ, ಹೆಸರು ಕೇಳಿದರೆ ಬಂದು ಕೂರುತ್ತಾರೆ. ನಿಮ್ಮಲ್ಲಿ ಪಿಎಸ್4 ಹೆಚ್ಚಿದ್ದರೆ ಮೊದಲನೆಯದು, ಪಿಎಸ್5, ಪಿಸಿ ಸೇರಿ ಮೂರಾದರೂ ಇದ್ದರೆ ಎರಡನೆಯದು. ಇದರಲ್ಲಿ ಇನ್ನೇನೂ ತಲೆ ಕೆಡಿಸಿಕೊಳ್ಳಬೇಡಿ.

ಜಾಗ ಬಸ್ ನಿಲ್ದಾಣದಿಂದ ನಡೆದು ಬರುವಷ್ಟು ಹತ್ತಿರವಿರಬೇಕು. ತೀರ್ಥಹಳ್ಳಿ, ಸಾಗರದಿಂದ ಬರುವ ಹುಡುಗರು ಅರವತ್ತು ಎಪ್ಪತ್ತು ಕಿಲೋಮೀಟರ್ ವಾಪಸ್ ಹೋಗಬೇಕು. ಮಳೆಗಾಲದಲ್ಲಿ ಕತ್ತಲಾದ ಮೇಲೆ ಆ ದಾರಿ ಯಾರಿಗೂ ಖುಷಿಯಲ್ಲ. ಭಾನುವಾರ ಮಧ್ಯಾಹ್ನ ಎರಡಕ್ಕೆ ಶುರು, ಆರಕ್ಕೆ ಫೈನಲ್ ಮುಗಿದಿರಬೇಕು. ದಿನ, ಹೊತ್ತು ಬದಲಿಸಬೇಡಿ. ನಾಲ್ಕೇ ಜನ ಬಂದರೂ ನಡೆಸಿ. ‘ಈ ವಾರ ಇದೆಯಾ?’ ಎಂದು ಗ್ರೂಪಿನಲ್ಲಿ ಕೇಳುವ ಪರಿಸ್ಥಿತಿ ಬಂತೆಂದರೆ ಅರ್ಧ ಕೂಟ ಕರಗಿತು. ಗೇಮಿಂಗ್ ಕೆಫೆಯವರ ಹತ್ತಿರ ಮಾತಾಡುವುದಾದರೆ ಅವರ ಸೀಟು ಖಾಲಿ ಇರುವ ಹೊತ್ತು ಯಾವುದೆಂದು ಕೇಳಿ ಅದನ್ನೇ ಹಿಡಿಯಿರಿ, ಬಾಡಿಗೆ ತಾನಾಗಿ ಇಳಿಯುತ್ತದೆ. ಮನೆಯ ಮಹಡಿಯೂ ನಡೆಯುತ್ತದೆ.

ಒಂದು ಸೆಟಪ್ ಅಂದರೆ ಕನ್ಸೋಲ್, ಮಾನಿಟರ್, ಉದ್ದದ ಎರಡು ಯುಎಸ್‌ಬಿ ಕೇಬಲ್. ಹನ್ನೆರಡು ಜನಕ್ಕೆ ನಾಲ್ಕು ಸೆಟಪ್ ಇದ್ದರೆ ಸುಖ, ಮೂರಕ್ಕಿಂತ ಕಡಿಮೆ ಬೇಡ. ದೊಡ್ಡ ಟಿವಿಯ ಆಸೆ ಬಿಡಿ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುತ್ತವೆ, ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಗೇಮ್ ಮೋಡ್ (ಚಿತ್ರ ತಡವಾಗದಂತೆ ಮಾಡುವ ಸೆಟ್ಟಿಂಗ್) ಹಾಕದ ಟಿವಿ ಚಿತ್ರವನ್ನು ಚಂದ ಮಾಡಲು ಹೋಗಿ ಮೂರು ನಾಲ್ಕು ಫ್ರೇಮ್ ತಿಂದುಬಿಡುತ್ತದೆ, ಕೆಲವು ಅದಕ್ಕೂ ಹೆಚ್ಚು. ಸ್ಟ್ರೀಟ್ ಫೈಟರ್ 6ರ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ಹೊಡೆತ ತಗಲಲು 26 ಫ್ರೇಮ್ ಬೇಕು. ಕಣ್ಣು ನೋಡಿ ಬೆರಳು ಒತ್ತುವುದರೊಳಗೆ ಹದಿನೈದು ಫ್ರೇಮ್ ಹೋಗಿರುತ್ತದೆ. ಉಳಿದ ಹನ್ನೊಂದರಲ್ಲಿ ಟಿವಿ ನಾಲ್ಕು ಕದ್ದರೆ ಹೊಸಬ ‘ನನ್ನ ಕೈಯಲ್ಲಿ ಆಗಲ್ಲ’ ಎಂದುಕೊಂಡು ಎದ್ದು ಹೋಗುತ್ತಾನೆ. ತಪ್ಪು ಅವನದಲ್ಲ, ಟಿವಿಯದು. ಸಾಧಾರಣ 24 ಇಂಚಿನ ಕಂಪ್ಯೂಟರ್ ಮಾನಿಟರ್ ಇದಕ್ಕಿಂತ ಎಷ್ಟೋ ಮೇಲು.

ಪ್ಯಾಡ್‌ಗಳು (ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್) ತಂತಿಯಲ್ಲೇ ಆಡಬೇಕು. ಕೇಬಲ್ ಚುಚ್ಚಿದರೆ ಸಾಲದು. ಕನ್ಸೋಲ್ ಸೆಟ್ಟಿಂಗ್‌ನಲ್ಲಿ ಸಂಪರ್ಕದ ವಿಧಾನವನ್ನು ‘ಯುಎಸ್‌ಬಿ ಕೇಬಲ್’ ಎಂದು ಬದಲಿಸಿ. ಪ್ಯಾಡ್ ತಂತಿಯಿಲ್ಲದೆಯೂ ಕನ್ಸೋಲಿಗೆ ಬೆಸೆದುಕೊಂಡೇ ಇದ್ದರೆ, ಸೋತು ಕಾಫಿ ಕುಡಿಯಲು ಹೋದವನ ಜೇಬಿನಲ್ಲಿ ಪ್ಯಾಡ್‌ನ ಪಿಎಸ್ ಬಟನ್ ಒತ್ತಿ ಹೋಗಿ, ಇಲ್ಲಿ ಇನ್ಯಾರದೋ ಕೊನೆಯ ರೌಂಡಿನ ಮಧ್ಯೆ ಮೆನು ತೆರೆದುಕೊಳ್ಳುತ್ತದೆ. ಆಮೇಲೆ ನಡೆಯುವ ಜಗಳ ಆಟಕ್ಕಿಂತ ಉದ್ದ. ಪಿಎಸ್4ರ ಪ್ಯಾಡ್ ಪಿಎಸ್5 ಆಟಕ್ಕೆ ನೇರವಾಗಿ ಹೊಂದುವುದಿಲ್ಲ, ಅಡಾಪ್ಟರ್ ಬೇಕು; ಬರುವವರಿಗೆ ಮೊದಲೇ ತಿಳಿಸಿ. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈ ಪ್ಯಾಡಿಗೆ ತಾಗದಂತೆ ಒಂದು ಹಳೆ ಟವೆಲ್ ಮೇಜಿನ ಮೇಲಿರಲಿ. ಎಣ್ಣೆ ಬಟನ್ನಿನ ಅಂಚಿಗಿಳಿದು, ಅದರ ಮೇಲೆ ಆಷಾಢದ ತೇವ ಸೇರಿದರೆ, ಶ್ರಾವಣದ ಹೊತ್ತಿಗೆ ಬಟನ್ ಒತ್ತಿದಲ್ಲೇ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಪ್ಯಾಡ್‌ಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ, ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ.

ಶನಿವಾರ ರಾತ್ರಿಯ ಕೆಲಸ ಎರಡು. ಎಲ್ಲ ಸೆಟಪ್‌ನಲ್ಲೂ ಅಪ್‌ಡೇಟ್ ಹಾಕಿ ಮುಗಿಸುವುದು ಒಂದು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಇಂಟರ್ನೆಟ್ ಪೂರ್ತಿ ತೆಗೆದು ಆಟ ತೆರೆದು ನೋಡುವುದು. ಪಿಎಸ್5ರಲ್ಲಿ ‘ಕನ್ಸೋಲ್ ಶೇರಿಂಗ್ ಮತ್ತು ಆಫ್‌ಲೈನ್ ಪ್ಲೇ’ ಆನ್ ಆಗಿಲ್ಲದಿದ್ದರೆ ನೆಟ್ ಇಲ್ಲದಾಗ ಡಿಜಿಟಲ್ ಆಟಕ್ಕೆ ಬೀಗ ಬೀಳುತ್ತದೆ. ಗಾಳಿಮಳೆಯಲ್ಲಿ ನೆಟ್ ಹೋಗುವುದು ಸರಿಯಾಗಿ ಭಾನುವಾರ ಮೂರು ಗಂಟೆಗೇ.

ಕರೆಂಟಿನ ವಿಚಾರಕ್ಕೆ ಬಂದರೆ, ಒಂದು ಪಿಎಸ್5 ಆಟದ ನಡುವೆ ಸುಮಾರು 200 ವ್ಯಾಟ್ ಎಳೆಯುತ್ತದೆ, ಮಾನಿಟರ್ 30. ಮನೆಯ ಇನ್ವರ್ಟರ್ ಇದ್ದರೆ 150 ಎಎಚ್‌ನ ಒಂದು ಒಳ್ಳೆಯ ಬ್ಯಾಟರಿ ಎರಡು ಸೆಟಪ್ಪನ್ನು ಎರಡು ಗಂಟೆಯ ಆಸುಪಾಸು ನಡೆಸೀತು. ಹಿಂಬದಿಯ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿ. ಸಾಮಾನ್ಯ ಮೋಡ್‌ನಲ್ಲಿ ಕರೆಂಟು ಬದಲಾಗುವ ಆ ಕಣ್ಣುಮಿಟುಕಿನಲ್ಲೇ ಕನ್ಸೋಲ್ ಸತ್ತು ಹೋಗಬಹುದು. ಇನ್ವರ್ಟರ್ ಇಲ್ಲದ ಕಡೆ ಪ್ರತಿ ಸೆಟಪ್ಪಿಗೂ ಒಂದು ಕಂಪ್ಯೂಟರ್ ಯುಪಿಎಸ್ ಸಾಕು, ಅದರ ಕೆಲಸ ನಡೆಯುತ್ತಿರುವ ಗೇಮ್ (ಕೆಲವು ರೌಂಡು ಸೇರಿದ ಒಂದು ಆಟ) ಮುಗಿಸುವುದಷ್ಟೇ. ನಿಯಮವನ್ನು ಮೊದಲೇ ಗೋಡೆಗೆ ಅಂಟಿಸಿ: ಗೇಮ್ ಮಧ್ಯೆ ಕರೆಂಟು ಹೋದರೆ ಗೆದ್ದ ರೌಂಡುಗಳ ಲೆಕ್ಕ ಹಾಗೇ ಉಳಿಯುತ್ತದೆ, ನಿಂತುಹೋದ ರೌಂಡು ಮಾತ್ರ ಮತ್ತೆ.

ಇನ್ನು ಮುಖ್ಯ ವಿಷಯ, ಮಧ್ಯಾಹ್ನವನ್ನು ನಡೆಸುವ ಬಗೆ. ಹೊರಗೆಲ್ಲ ಬಳಕೆಯಲ್ಲಿರುವುದು ಡಬಲ್ ಎಲಿಮಿನೇಷನ್: ಎರಡು ಸಲ ಸೋತರೆ ಹೊರಗೆ. ಹನ್ನೆರಡು ಜನಕ್ಕೆ ಅದು 22 ಪಂದ್ಯ, ಫೈನಲ್‌ನಲ್ಲಿ ಆಗಲೇ ಒಮ್ಮೆ ಸೋತು ಬಂದವನು ಗೆದ್ದರೆ ಇಬ್ಬರಿಗೂ ಒಂದೊಂದು ಸೋಲಾಗಿ ಇನ್ನೊಂದು ಪಂದ್ಯ, ಒಟ್ಟು 23. ನೋಡಲು ಚೊಕ್ಕ. ಆದರೆ ಹೊಸಬನ ಪಾಲಿಗೆ ಎರಡೇ ಪಂದ್ಯ, ಹದಿನೈದು ನಿಮಿಷ, ಆಮೇಲೆ ಮೂರು ಗಂಟೆ ಬೇರೆಯವರ ಬೆನ್ನು ನೋಡುತ್ತ ಕೂರುವುದು. ಅವನು ಮುಂದಿನ ವಾರ ಯಾಕೆ ಬರಬೇಕು?

ಅದರ ಬದಲು ಹನ್ನೆರಡು ಜನರನ್ನು ಆರಾರರ ಎರಡು ಗುಂಪು ಮಾಡಿ, ಗುಂಪಿನೊಳಗೆ ಎಲ್ಲರೂ ಎಲ್ಲರ ಜೊತೆ ಆಡಲಿ. ಒಂದು ಗುಂಪಿಗೆ 15 ಪಂದ್ಯ, ಒಟ್ಟು 30. ಎರಡು ಗೇಮ್ ಗೆದ್ದವರದು ಪಂದ್ಯ. ಪ್ಯಾಡ್ ಬದಲಿಸಿ ಬಟನ್ ಹೊಂದಿಸಿಕೊಳ್ಳುವುದೂ ಸೇರಿ ಎಂಟು ನಿಮಿಷ. ಮೂರು ಸೆಟಪ್‌ನಲ್ಲಿ ಎಂಬತ್ತು ನಿಮಿಷಕ್ಕೆ ಮುಗಿಯಬೇಕು, ಸೋಮಾರಿತನಕ್ಕೆ ಇನ್ನಿಪ್ಪತ್ತು ಸೇರಿಸಿ. ಪ್ರತಿಯೊಬ್ಬನಿಗೂ ಐದು ಪಂದ್ಯ ಸಿಕ್ಕಿತು. ಆಮೇಲೆ ಎರಡೂ ಗುಂಪಿನ ಮೊದಲ ಇಬ್ಬರಂತೆ ನಾಲ್ವರಿಗೆ ಡಬಲ್ ಎಲಿಮಿನೇಷನ್, ಆರೇಳು ಪಂದ್ಯ. ಫೈನಲ್ ಮೂರು ಗೇಮ್ ಗೆದ್ದವರಿಗೆ. ಗುಂಪು ಮಾಡುವಾಗ ಒಂದೇ ಕಾಲೇಜಿನವರನ್ನು, ಒಂದೇ ಬಸ್ಸಿನಲ್ಲಿ ಬಂದವರನ್ನು ಬೇರೆ ಬೇರೆ ಕಡೆ ಹಾಕಿ. ಭದ್ರಾವತಿಯಿಂದ ಬಂದವನು ಮನೆಪಕ್ಕದವನ ಜೊತೆಯೇ ಆಡುವುದಾದರೆ ಇಲ್ಲಿಗೆ ಬರಬೇಕಿರಲಿಲ್ಲ. ಗೇಮ್ ಗೆದ್ದವನು ಪಾತ್ರ ಬದಲಿಸುವಂತಿಲ್ಲ, ಸೋತವನು ಬದಲಿಸಬಹುದು. ಹೆಸರು ಕರೆದು ಐದು ನಿಮಿಷದಲ್ಲಿ ಬಾರದಿದ್ದರೆ ಒಂದು ಗೇಮ್ ಹೋಯಿತು. ಇದರಲ್ಲಿ ಸ್ನೇಹಿತರಿಗೆ ರಿಯಾಯಿತಿ ಕೊಟ್ಟರೆ ಆರಕ್ಕೆ ಮುಗಿಯುವುದು ಎಂಟಕ್ಕೆ ಹೋಗುತ್ತದೆ.

ನಾಲ್ಕನೇ ಸೆಟಪ್ ಇದ್ದರೆ ಅದನ್ನು ಪಂದ್ಯಕ್ಕೆ ಮುಟ್ಟಲೇಬೇಡಿ. ಅದು ಸೋತವರ ಮೂಲೆ. ಸತತ ಮೂರು ಗೆದ್ದವನು ಅಲ್ಲಿಂದ ಏಳಬೇಕು. ಪಂದ್ಯವಿಲ್ಲದ ಹಳಬರು ಸರದಿಯ ಮೇಲೆ ಅಲ್ಲಿ ಕೂತು, ಈಗ ತಾನೆ ಸೋತು ಬಂದವನಿಗೆ ಒಂದೇ ಒಂದು ವಿಷಯ ಹೇಳಿಕೊಡಬೇಕು. ಒಂದೇ, ಎರಡಲ್ಲ. ‘ಹಂಗಲ್ಲ ಮಾರಾಯ, ಅವ ಹಾರಿದಾಗ ನೀ ಹಿಂದೆ ಸರೀಬೇಡ, ಕೂತು ದೊಡ್ಡ ಪಂಚ್ ಒತ್ತು’ ಎಂದು ಹತ್ತು ಸಲ ಅವನ ಮೇಲೆ ಹಾರಿ ತೋರಿಸಿದರೆ ಮುಂದಿನ ವಾರದ ತನಕ ಮನೆಯಲ್ಲಿ ಮಾಡಲು ಕೆಲಸ ಸಿಕ್ಕಂತಾಯಿತು. ಕಾಂಬೊ (ಒಂದಕ್ಕೊಂದು ಕೂಡಿಸಿದ ಹೊಡೆತಗಳ ಸರಣಿ) ಕಲಿಸುವುದು ಆಮೇಲೆ. ಹದಿನೈದು ಬಟನ್ನಿನ ಕಾಂಬೊ ಬಂದರೂ, ಹಾರಿ ಬರುವವನನ್ನು ತಡೆಯಲಾಗದವನಿಗೆ ಅದನ್ನು ಶುರು ಮಾಡುವ ಅವಕಾಶವೇ ಸಿಗುವುದಿಲ್ಲ.

ಮನೆಯ ಅಭ್ಯಾಸಕ್ಕೆ ಸ್ಟ್ರೀಟ್ ಫೈಟರ್ 6ರ ಟ್ರೇನಿಂಗ್ ಮೋಡ್ ತೆರೆದು, ಎದುರು ನಿಲ್ಲುವ ಡಮ್ಮಿ ಪಾತ್ರಕ್ಕೆ ಮೂರು ಕೆಲಸ ರೆಕಾರ್ಡ್ ಮಾಡಿ: ಒಂದರಲ್ಲಿ ಮುಂದಕ್ಕೆ ಹಾರಿ ಒದೆ, ಎರಡರಲ್ಲಿ ಡ್ರೈವ್ ಇಂಪ್ಯಾಕ್ಟ್, ಮೂರರಲ್ಲಿ ನಡೆದು ಬಂದು ಥ್ರೋ (ಹಿಡಿದು ಎಸೆಯುವುದು). ಮೂರನ್ನೂ ಕ್ರಮವಿಲ್ಲದೆ ಬರುವಂತೆ ಹಚ್ಚಿ. ರ‍್ಯೂ ಎಂಬ ಪಾತ್ರವನ್ನು ಆಡುವವರು ಮೊದಲನೆಯದಕ್ಕೆ ಕೂತು ಹೆವಿ ಪಂಚ್, ಎರಡನೆಯದಕ್ಕೆ ತಮ್ಮದೇ ಡ್ರೈವ್ ಇಂಪ್ಯಾಕ್ಟ್, ಮೂರನೆಯದಕ್ಕೆ ಥ್ರೋ ಬಿಡಿಸಿಕೊಳ್ಳುವುದು. ದಿನಕ್ಕೆ ಹದಿನೈದು ನಿಮಿಷ. ಇಪ್ಪತ್ತರಲ್ಲಿ ಹದಿನೈದು ಸರಿಯಾದ ಮೇಲೆ ಇನ್ನೊಂದು ಸೇರಿಸಿ.

ಟೆಕ್ಕನ್‌ನಲ್ಲಿ ಬೇರೆ ತಾಪತ್ರಯ. ಟೆಕ್ಕನ್ 3ರಲ್ಲಿ ಎಡ್ಡಿ ಎಂಬ ಪಾತ್ರ ಹಿಡಿದು ಎರಡು ಒದೆ ಬಟನ್ ಗುದ್ದಿ ಗಲ್ಲಿ ಗೆದ್ದವರು ಇಲ್ಲೂ ಹಾಗೇ ಶುರು ಮಾಡುತ್ತಾರೆ. ಅವರಿಗೆ ಹೇಳಬೇಕಾದದ್ದು ತಡೆದ ಮೇಲಿನ ಲೆಕ್ಕ. ಸಾಮಾನ್ಯ ಜ್ಯಾಬ್ (ಚುರುಕಾದ ಸಣ್ಣ ಪಂಚ್) 10 ಫ್ರೇಮ್‌ನಲ್ಲಿ ತಗಲುತ್ತದೆ. ಹಾರಿ ಒದೆಯುವ ಹಾಪ್‌ಕಿಕ್ಕನ್ನು ತಡೆದರೆ ಒದ್ದವನು ಸಾಮಾನ್ಯವಾಗಿ 13 ಫ್ರೇಮ್ ಹಿಂದೆ ಬೀಳುತ್ತಾನೆ, ನಿಮಗಿಂತ ಅಷ್ಟು ತಡವಾಗಿ ಕೈಕಾಲು ಆಡಿಸುತ್ತಾನೆ. ಅಂದರೆ ಆ ಹೊತ್ತಿನಲ್ಲಿ ನೀವು ಜ್ಯಾಬ್ ಒತ್ತಿದರೆ ಅವನು ತಡೆಯಲು ಸಾಧ್ಯವೇ ಇಲ್ಲ. ಈ ಒಂದು ಲೆಕ್ಕ ತಲೆಗೆ ಹೊಕ್ಕ ದಿನ ಬಟನ್ ಗುದ್ದುವುದು ನಿಲ್ಲುತ್ತದೆ. ಸೋತ ಪಂದ್ಯದ ರಿಪ್ಲೇ ತೆರೆದರೆ ಟೆಕ್ಕನ್ 8 ಮಧ್ಯದಿಂದ ಪ್ಯಾಡ್ ನಿಮ್ಮ ಕೈಗೇ ಕೊಡುತ್ತದೆ. ಅದೇ ಹಾಪ್‌ಕಿಕ್ಕನ್ನು ತಡೆದು ಹೊಡೆಯುವುದನ್ನು ಅಲ್ಲೇ ಕಲಿಯಬಹುದು.

ವಾರದ ನಡುವೆ ಆನ್‌ಲೈನ್‌ನಲ್ಲಿ ಆಡುವವರು ವೈಫೈ ಬಿಟ್ಟು ರೂಟರಿನಿಂದ ಲ್ಯಾನ್ ಕೇಬಲ್ ಎಳೆಯಲಿ. ರೋಲ್‌ಬ್ಯಾಕ್ ಎಂಬುದು ಎದುರಾಳಿ ಏನು ಒತ್ತಿಯಾನೆಂದು ಊಹಿಸಿ ಆಟ ಮುಂದುವರಿಸಿ, ತಪ್ಪಿದರೆ ಹಿಂದೆ ಹೋಗಿ ತಿದ್ದುವ ವಿಧಾನ. ಸ್ಥಿರವಾದ ದೂರವನ್ನು ಅದು ಸಹಿಸುತ್ತದೆ. ವೈಫೈಯ ಏರಿಳಿತವನ್ನು ಸಹಿಸುವುದಿಲ್ಲ, ಪಾತ್ರಗಳು ಅಲ್ಲಿಂದಿಲ್ಲಿಗೆ ನೆಗೆಯುತ್ತವೆ. ರ‍್ಯಾಂಕ್‌ಗಿಂತ ಕೂಟದವರ ಜೊತೆಯೇ ಮೊದಲು ಹತ್ತು ಗೇಮ್ ಗೆದ್ದವರದು ಎಂಬ ಉದ್ದದ ಪಂದ್ಯ ಆಡಿದರೆ ಲಾಭ ಹೆಚ್ಚು. ಲಾಹೋರಿನ ಅರ್ಸ್ಲಾನ್ ಆಶ್ 2019ರಲ್ಲಿ ಎವೋ ಜಪಾನ್, ಅದೇ ವರ್ಷ ಲಾಸ್ ವೇಗಸ್‌ನ ಎವೋ ಎಂಬ ಎರಡೂ ದೊಡ್ಡ ಟೂರ್ನಮೆಂಟನ್ನು ಟೆಕ್ಕನ್ 7ರಲ್ಲಿ ಗೆದ್ದದ್ದು ತನ್ನೂರಿನವರ ಕೈಯಲ್ಲಿ ಪಳಗಿಯೇ.

ಹಣ ಎತ್ತುವುದಾದರೆ ಬಾಡಿಗೆಗೆ, ಕರೆಂಟಿಗೆ, ಕಾಫಿಗೆ ಎಂದು ಎತ್ತಿ, ಖರ್ಚನ್ನು ಅಂದೇ ಗ್ರೂಪಿನಲ್ಲಿ ಹಾಕಿ. ಎಲ್ಲರ ದುಡ್ಡು ಗೆದ್ದವನ ಜೇಬಿಗೆ ಹೋಗುವ ಪದ್ಧತಿ ಬಂತೆಂದರೆ ಮನೆಯ ಹಿರಿಯರ ಬಾಯಲ್ಲಿ ಅದಕ್ಕೆ ಇಸ್ಪೀಟಿನ ಹೆಸರೇ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5 ಪದಕದ ಆಟವಾಗಿತ್ತು ಎಂಬ ಮಾತು ಅಂಥ ಅಪ್ಪಂದಿರ ಮುಂದೆ ಸ್ವಲ್ಪ ಕೆಲಸ ಮಾಡುತ್ತದೆ. ಸಂಜೆ ಆರೂವರೆಗೆ ಮಗ ಬಸ್ಸು ಹತ್ತಿದ ಎಂಬ ಫೋನು ಅದಕ್ಕಿಂತ ಹೆಚ್ಚು. ಹುಡುಗಿಯರು ಬರಬೇಕಿದ್ದರೆ ಬೈಗುಳಕ್ಕೆ ಒಂದೇ ಎಚ್ಚರಿಕೆ, ಎರಡನೇ ಸಲಕ್ಕೆ ಆ ದಿನದ ಮಟ್ಟಿಗೆ ಹೊರಗೆ. ಅದು ಕೂಟದ ಅತ್ಯುತ್ತಮ ಆಟಗಾರನಾದರೂ ಅಷ್ಟೇ.

ಅಡಿಕೆ ಕೊಯ್ಲು ಶುರುವಾದರೆ ತೀರ್ಥಹಳ್ಳಿ, ಸಾಗರದ ಕಡೆಯವರು ವಾರಗಟ್ಟಲೆ ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ಆರೇ ಜನ ಉಳಿದರೆ ಒಂದೇ ಗುಂಪು ಮಾಡಿ, 15 ಪಂದ್ಯ, ಹೆಚ್ಚು ಪಂದ್ಯ ಗೆದ್ದವನೇ ವಿಜೇತ. ಸಾಗರದಲ್ಲೇ ನಾಲ್ವರಾದರೆ ಒಂದು ಸೆಟಪ್ಪನ್ನು ಅವರ ಮನೆಗೆ ಕೊಟ್ಟು ಕಳಿಸಿ. ಅವರು ಅಲ್ಲೇ ವಾರವಾರ ಆಡಿಕೊಂಡು ತಿಂಗಳಿಗೊಂದು ಭಾನುವಾರ ಇಲ್ಲಿಗೆ ಬಂದರೆ ಸಾಕು. ಬರುವಾಗ ಮಾನಿಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಪರದೆ ಸೀಟಿನ ಬೆನ್ನಿನ ಕಡೆಗಿರುವಂತೆ ನಿಲ್ಲಿಸಿಕೊಂಡು ಬರಲಿ.