ಗಂಡುಮಗುವಿಗೆ ಹಳೆಯ ಹೆಸರನ್ನು ಆರಿಸುವಾಗ

ಹಳೆಯ ಹೆಸರನ್ನು ಹುಡುಕುವವರು ಮೊದಲು ಮನೆಯ ಹಿರಿಯರನ್ನು ಕೇಳಬೇಕು; ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆ ನಮ್ಮಲ್ಲಿ ಇಂದಿಗೂ ಉಳಿದಿದೆ. ಅಲ್ಲಿ ಒಪ್ಪುವ ಹೆಸರು ಸಿಗದಿದ್ದರೆ ನಾಡಿನ ಚರಿತ್ರೆಯತ್ತ ತಿರುಗಬಹುದು: ಬನವಾಸಿಯ ಕದಂಬರ ಮೂಲಪುರುಷನನ್ನು ನೆನಪಿಸುವ ಮಯೂರ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಬಿರುದಾದ ನೃಪತುಂಗ, 12ನೆಯ ಶತಮಾನದ ಶರಣರಿಂದ ಬಂದ ಬಸವ, ಚನ್ನಬಸವ. ನನಗೆ ಮಯೂರ ಹೆಚ್ಚು ಪ್ರಿಯ, ಏಕೆಂದರೆ ಅದರಲ್ಲಿ ಒತ್ತಕ್ಷರವೇ ಇಲ್ಲ. ನೃಪತುಂಗ ಗಂಭೀರವಾದರೂ ಎಳೆಯ ನಾಲಿಗೆಗೆ ಕಷ್ಟ. ಆರಿಸಿದ ಹೆಸರನ್ನು ಅಂಗಳದಿಂದ ಗಟ್ಟಿಯಾಗಿ ಕೂಗಿ ನೋಡಿ, ತಂದೆಯ ಹೆಸರಿನ ಮೊದಲಕ್ಷರವನ್ನು ಸೇರಿಸಿ ಬರೆದೂ ನೋಡಿ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕಾದರೂ, ಹೆಸರನ್ನು ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದಾದ್ದರಿಂದ, ಮನಸ್ಸು ಪೂರ್ತಿ ಒಪ್ಪದ ಹೆಸರನ್ನು ಆತುರದಲ್ಲಿ ಬರೆಸಬೇಕಾಗಿಲ್ಲ.