ಮೂರು ಸಲ ಔಷಧ ಸಿಂಪಡಿಸಿದ ತೋಟದಲ್ಲೇ ಕೊಳೆ ಹೆಚ್ಚೇಕೆ?

ಉಡುಪಿಯ ಹಿರಿಯಡ್ಕದ ಆಸುಪಾಸಿನ ಸುಮಾರು 40 ಅಡಿಕೆ ತೋಟಗಳ ಲೆಕ್ಕ ಒಟ್ಟುಹಾಕಿದಾಗ, ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಎರಡು ಸಲ ಬಿಟ್ಟವರಿಗಿಂತ, ಅಂದರೆ ಸಿಂಪಡಿಸಿದವರಿಗಿಂತ, ಮೂರು ಸಲ ಬಿಟ್ಟವರಲ್ಲೇ ಕಾಯಿ ಕೊಳೆತು ಉದುರುವ ಕೊಳೆರೋಗ ಹೆಚ್ಚು ಕಂಡಿತು. ಮೂರನೆಯ ಸಲದ ಮೈಲುತುತ್ತು ದಂಡವೆಂದು ಹಲವರು ತೀರ್ಮಾನಿಸಿದರು. ನೆಲದ ಲಕ್ಷಣ ಬಿಟ್ಟು ಈ ಲೆಕ್ಕ ಓದಬಾರದೆಂದು ನಾನು ಹಠ ಹಿಡಿದಾಗ, ಸಂಖ್ಯಾಶಾಸ್ತ್ರ ಕಲಿಸುವವನಿಗೆ ತೋಟದ ಸಂಗತಿ ಏನು ಗೊತ್ತೆಂದರು.

ಗುಡ್ಡಗಳ ನಡುವಿನ ತಗ್ಗು ನೆಲವಾದ ಬೈಲಿನಲ್ಲಿ ಬಿಸಿಲು ಕಡಿಮೆ, ಗೊನೆ ಬೇಗ ಒಣಗುವುದಿಲ್ಲ. ಹಾಗಾಗಿ ಅಲ್ಲಿ ಕೊಳೆಯೂ ಹೆಚ್ಚು, ಅದರ ಭಯಕ್ಕೆ ಮೂರನೆಯ ಸಲ ಔಷಧ ಬಿಡುವವರೂ ಹೆಚ್ಚು. ಬೈಲನ್ನು ಬೈಲಿನೊಂದಿಗೆ, ಗುಡ್ಡೆಬದಿಯನ್ನು ಗುಡ್ಡೆಬದಿಯೊಂದಿಗೆ ಹೋಲಿಸಿದ ಕೂಡಲೇ ಎರಡೂ ಕಡೆ ಮೂರು ಸಲದವರಲ್ಲೇ ಕೊಳೆ ಕಡಿಮೆ ಕಂಡಿತು. ಆದರೆ ಮೂರು ಸಲ ಬಿಡುವವರು ಬಸಿಗಾಲುವೆ ಬಿಡಿಸುವುದರಲ್ಲೂ, ಉದುರಿದ ಕಾಯಿ ಹೆಕ್ಕುವುದರಲ್ಲೂ ಮುಂದು. ಈ ಶ್ರದ್ಧೆ ನಮ್ಮ ಲೆಕ್ಕದ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಆದ್ದರಿಂದ ಮೂರನೆಯ ಸಲ ಎಲ್ಲಿ ಬಿಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುವ ಪ್ರಯೋಗಕ್ಕೆ ಇಳಿದೆವು. ಮೊದಲ ಮಳೆಗಾಲದಲ್ಲಿ ಇಡೀ ತೋಟಗಳನ್ನೇ ಹಂಚಿದೆವು. ಆಟಿ ತಿಂಗಳ ಜಡಿಮಳೆಗೆ ಮರ ಹತ್ತುವವರು ಸಿಗದೆ, ಬೈಲಿನವರಿಗೆ ಎರಡನೆಯ ಸಲವೇ ತಡವಾಗಿ, ಇಪ್ಪತ್ತು ಸಾವಿರದಷ್ಟು ಹಣ ನೀರಿಗೆ ಹೋಯಿತು. ಮರುವರ್ಷ ಒಂದೇ ತೋಟದೊಳಗೆ ಸಾಲುಗಳಿಗೆ ಚೀಟಿ ಎತ್ತಿ, ಔಷಧ ಗಾಳಿಗೆ ಹಾರಿ ಪಕ್ಕಕ್ಕೆ ಬೀಳುವುದರಿಂದ ನಡುವೆ ಒಂದು ಸಾಲನ್ನು ಲೆಕ್ಕದಿಂದ ಹೊರಗಿಟ್ಟೆವು. ಕಾಯಿ ಎಣಿಸುವವರಿಗೆ ಯಾವ ಸಾಲಿಗೆ ಔಷಧ ಬಿದ್ದಿದೆಯೆಂದು ತಿಳಿಯದಂತೆ ಮಾಡಿದ ಉಪಾಯವನ್ನು ಇಲ್ಲಿ ಬರೆಯಲಾರೆ. ಅವರೂ ಇದನ್ನು ಓದುತ್ತಾರೆ, ಮುಂದಿನ ವರ್ಷಕ್ಕೂ ಅದು ಬೇಕು.

ಮೂರನೆಯ ಸಲದ ನಂತರ ಉದುರಿದ ಕಾಯಿಗಳನ್ನೂ ಸರಿದೂಗಿಸಿ, ಅಂದರೆ ಅಷ್ಟಷ್ಟೇ ಕಾಯಿ ಉದುರಿದವುಗಳನ್ನು ತಮ್ಮತಮ್ಮೊಳಗೆ ಹೋಲಿಸೆಂದು ಗೆಳೆಯರೊಬ್ಬರು ಹೇಳಿದರು. ಎಷ್ಟು ಉದುರಿತೆಂಬುದೇ ಔಷಧದ ಫಲ. ಸರಿದೂಗಿಸಿದರೆ ನಾವು ಹುಡುಕುತ್ತಿರುವುದೇ ಅಳಿಸಿಹೋಗುತ್ತದೆ. ನಡುವೆ ಗೊನೆಗಳಿಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಕೊಟ್ಟೆಯನ್ನೂ (ಚೀಲವನ್ನೂ) ಕಟ್ಟಿಸಿ ನೋಡಿದೆ. ಕಟ್ಟುವವರು ಗಿಡ್ಡ ಮರಗಳನ್ನೇ ಆರಿಸಿಕೊಂಡಿದ್ದರು, ಗಿಡ್ಡವೆಂದರೆ ಎಳೆಯ ಮರ. ಕೊಟ್ಟೆಯ ಗುಣ ಯಾವುದು, ಪ್ರಾಯದ ಗುಣ ಯಾವುದೆಂದು ಬಿಡಿಸಲಾಗದೆ ಆ ಅಂಕಿಗಳನ್ನು ಕೈಬಿಟ್ಟೆ.

ಕೊನೆಗೆ ಬೈಲಿನಲ್ಲಿ ಮೂರನೆಯ ಸಲ ಬಿದ್ದ ಸಾಲುಗಳಲ್ಲಿ ಉದುರಿದ ಕಾಯಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅನುಮಾನಿಸಿದವರೇ ಎಣಿಸಿದ ಲೆಕ್ಕವಿದು ಎಂಬುದು ನನಗೆ ಹೆಮ್ಮೆ. ಆದರೆ ಗುಡ್ಡೆಬದಿಯಲ್ಲಿ ಮೂರನೆಯ ಸಲದಿಂದ ಉಳಿದ ಅಡಿಕೆಯ ಬೆಲೆ ಮರ ಹತ್ತುವವರ ಸಂಬಳಕ್ಕೂ ಸಾಲಲಿಲ್ಲ. ಅಲ್ಲಿಯವರಿಗೆ ಎರಡೇ ಸಲ ಸಾಕೆಂದು ಹೇಳಿದ್ದೇನೆ.