ಮರದ ಮಹಡಿಯ ಮನೆಯಲ್ಲಿ ಸದ್ದನ್ನು ತಗ್ಗಿಸುವ ಬಗೆ: ಹೊಸದಾಗಿ ಬಂದವರಿಗೆ

ಕಾಂಕ್ರೀಟ್ ತಾರಸಿಯ ಮನೆಗಳಲ್ಲಿ ಬೆಳೆದು ಬಂದವರಿಗೆ, ಮರದ ತೊಲೆಗಳ ಮೇಲೆ ಹಲಗೆ ಹಾಸಿ ಕಟ್ಟಿದ ಮನೆಯಲ್ಲಿ ಮೇಲಿನವರ ಒಂದೊಂದು ಹೆಜ್ಜೆಯೂ ಕೆಳಗೆ ಕೇಳಿಸುವುದು ಮೊದಮೊದಲು ಬಹಳ ಕಿರಿಕಿರಿ ಎನಿಸುತ್ತದೆ. ಇಂತಹ ನೆಲ ಹಗುರ, ಅದರ ಒಳಗೆಲ್ಲ ಟೊಳ್ಳು. ಆದ್ದರಿಂದ ಸದ್ದು ಸುಲಭವಾಗಿ ದಾಟುತ್ತದೆ.

ಹಣ ಖರ್ಚು ಮಾಡುವ ಮೊದಲು ಸದ್ದು ಯಾವ ಬಗೆಯದೆಂದು ಗುರುತಿಸಿಕೊಳ್ಳಿ. ಮಾತು, ಟಿ.ವಿ., ಸಂಗೀತ ಇವು ಗಾಳಿಯ ಮೂಲಕ ಬಂದು ನೆಲವನ್ನು ಕಂಪಿಸುವಂತೆ ಮಾಡುತ್ತವೆ. ಹೆಜ್ಜೆ, ಕುರ್ಚಿ ಎಳೆತ, ಮಕ್ಕಳ ಜಿಗಿತ ಇವು ನೇರವಾಗಿ ಮರಕ್ಕೇ ಪೆಟ್ಟು ಕೊಡುತ್ತವೆ. ಮೊದಲನೆಯದಕ್ಕೆ ನೆಲದ ಅಥವಾ ಸೀಲಿಂಗಿನ ಭಾರ ಹೆಚ್ಚಿಸಬೇಕು, ಬಿರುಕು ಮುಚ್ಚಬೇಕು. ಎರಡನೆಯದನ್ನು ಪೆಟ್ಟು ಬೀಳುವಲ್ಲಿಯೇ, ಅಂದರೆ ಮೇಲಿನಿಂದಲೇ ತಡೆಯುವುದು ಉತ್ತಮ. ದಪ್ಪ ಅಂಡರ್‌ಲೇ (ಕಾರ್ಪೆಟ್ ಅಡಿಯ ಮೆತ್ತನೆಯ ಪದರ) ಹಾಕಿ ಹಾಸಿದ ಕಾರ್ಪೆಟ್ ಹೆಜ್ಜೆಯ ಸದ್ದನ್ನು ಗಣನೀಯವಾಗಿ ಇಳಿಸುತ್ತದೆಯಾದರೂ ಮಾತಿನ ಸದ್ದಿಗೆ ಅಷ್ಟಾಗಿ ನೆರವಾಗದು. ಅಂಟಿಸುವ ಫೋಮ್ ತುಂಡುಗಳನ್ನು ದಯವಿಟ್ಟು ಕೊಳ್ಳಬೇಡಿ. ಅವು ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸುತ್ತವೆಯೇ ಹೊರತು ಮಹಡಿಗಳ ನಡುವೆ ಸದ್ದನ್ನು ತಡೆಯುವುದಿಲ್ಲ.

ಕೆಳಗಿನಿಂದ ಮಾಡುವ ಕೆಲಸವೆಂದರೆ ಸೀಲಿಂಗ್ ಬಿಚ್ಚಿ, ತೊಲೆಗಳ ನಡುವೆ ಸುಮಾರು 100 ಮಿ.ಮೀ. ದಪ್ಪದ ಮಿನರಲ್ ವೂಲ್ (ಕಲ್ಲು ಅಥವಾ ಗಾಜಿನ ನಾರಿನ ಹಾಸು) ಅನ್ನು ಒತ್ತಿ ತುರುಕದೆ ಇಟ್ಟು, ತೊಲೆಗಳಿಗೆ ಅಡ್ಡಲಾಗಿ ರೆಸಿಲಿಯಂಟ್ ಬಾರ್ ಎಂಬ, ಕಂಪನ ದಾಟುವುದನ್ನು ತಗ್ಗಿಸುವ ತೆಳು ಲೋಹದ ಪಟ್ಟಿಗಳನ್ನು ಕಟ್ಟಿ, ಅವುಗಳಿಗೆ ಎರಡು ಪದರ ಪ್ಲಾಸ್ಟರ್‌ಬೋರ್ಡನ್ನು (ಜಿಪ್ಸಮ್ ಹಲಗೆ) ಒಂದರ ಸಂದಿನ ಮೇಲೆ ಇನ್ನೊಂದರ ಸಂದು ಬಾರದಂತೆ ಜೋಡಿಸುವುದು. ಇಲ್ಲಿ ಸ್ಕ್ರೂ ಉದ್ದವೇ ನಿರ್ಣಾಯಕ. ಪಟ್ಟಿಯ ಆಳ ಸಾಮಾನ್ಯವಾಗಿ 16 ಮಿ.ಮೀ. ಆಸುಪಾಸಿನದು, 12.5 ಮಿ.ಮೀ.ಯ ಎರಡು ಬೋರ್ಡುಗಳನ್ನು ದಾಟಿ ಹೋಗುವ ಸ್ಕ್ರೂ 41 ಮಿ.ಮೀ. ಮೀರಿದರೆ ಅದರ ತುದಿ ತೊಲೆಗೆ ತಾಗುತ್ತದೆ. ಅಂತಹ ಕೆಲವೇ ಸ್ಕ್ರೂಗಳು ಇದ್ದರೂ ಕಂಪನಕ್ಕೆ ನೇರ ದಾರಿ ಸಿಕ್ಕಿ, ಪಟ್ಟಿ ಹಾಕಿದ್ದು ಬಹುಪಾಲು ವ್ಯರ್ಥವಾಗುತ್ತದೆ. ಕೆಲಸಗಾರರ ಡಬ್ಬದಲ್ಲಿರುವ ಸ್ಕ್ರೂಗಳನ್ನು ನೀವೇ ಅಳೆದು ನೋಡುವುದರಲ್ಲಿ ಸಂಕೋಚ ಬೇಡ. ಬೋರ್ಡಿನ ಅಂಚು ಗೋಡೆಗೆ ತಾಗದಂತೆ ಕೆಲವು ಮಿ.ಮೀ. ಬಿಟ್ಟು, ಆ ಸಂದನ್ನು ಗಟ್ಟಿಯಾಗದೆ ಮೆದುವಾಗಿಯೇ ಉಳಿಯುವ ಅಕೌಸ್ಟಿಕ್ ಸೀಲಂಟಿನಿಂದ ತುಂಬಿಸಬೇಕು. ಸೀಲಿಂಗ್ ಕೊರೆದು ಕೂರಿಸುವ ದೀಪಗಳು ಸದ್ದಿಗೂ ಬೆಂಕಿಗೂ ದಾರಿ ಮಾಡಿಕೊಡಬಲ್ಲವು. ಸಾಧ್ಯವಾದರೆ ಅವನ್ನು ಕೈಬಿಡಿ.

ಮೇಲಿನಿಂದ ಮಾಡುವುದಾದರೆ, ಇರುವ ಹಲಗೆಗಳ ಮೇಲೆ ಮೆತ್ತನೆಯ ಮ್ಯಾಟ್ ಹಾಸಿ, ಅದರ ಮೇಲೆ ಹೊಸ ಹಲಗೆಗಳನ್ನು ಪರಸ್ಪರ ಅಂಟಿನಿಂದ ಮಾತ್ರ ಜೋಡಿಸಬೇಕು, ಕೆಳಗಿನ ಮರಕ್ಕೆ ಮೊಳೆ ಹೊಡೆಯಬಾರದು. ನೆಲದ ಸುತ್ತಲೂ ಗೋಡೆಗೆ ತಾಗದಂತೆ ಮೆದು ಪಟ್ಟಿ ಇರಬೇಕು. ನೆಲ ಎತ್ತರವಾಗುವುದರಿಂದ ಬಾಗಿಲುಗಳನ್ನು ಕೊಯ್ಯಬೇಕಾದೀತು.

ಪ್ಲಾಸ್ಟರ್‌ಬೋರ್ಡಿನ ಎರಡು ಪದರಗಳೇ ಚದರ ಮೀಟರಿಗೆ ಸುಮಾರು 20 ಕಿಲೋ ತೂಗುತ್ತವೆ. ಆ ಭಾರವನ್ನು ತೊಲೆಗಳು ತಾಳುತ್ತವೆಯೇ ಎಂದು ಸ್ಟ್ರಕ್ಚರಲ್ ಇಂಜಿನಿಯರರಿಂದ ಖಚಿತಪಡಿಸಿಕೊಳ್ಳಿ. ಹಳೆಯ ಮನೆಗಳ ಸೀಲಿಂಗ್ ಲೇಪನದಲ್ಲಿ ಆಸ್ಬೆಸ್ಟಾಸ್ (ಉಸಿರಿನೊಡನೆ ಒಳಹೋದರೆ ಅಪಾಯಕಾರಿಯಾದ ಖನಿಜ ನಾರು) ಇರುವ ಸಾಧ್ಯತೆಯುಂಟು, ಪರೀಕ್ಷೆ ಮಾಡಿಸದೆ ಕೆರೆಯಲೂ ಕೂಡದು. ಬಾಡಿಗೆದಾರರಾಗಿದ್ದರೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಸದ್ದು ಪಕ್ಕದ ಗೋಡೆಗಳ ಮೂಲಕವೂ ಇಳಿದು ಬರುತ್ತಿರಬಹುದಾದ್ದರಿಂದ, ಸೀಲಿಂಗ್ ಬಿಚ್ಚುವ ಮೊದಲೇ, ಮೇಲೆ ಒಬ್ಬರನ್ನು ನಡೆದಾಡಿಸಿ, ಕೆಳಗೆ ಗೋಡೆಗಳಿಗೆ ಕಿವಿಗೊಟ್ಟು ಕೇಳಿ. ಗೋಡೆಯಲ್ಲಿಯೂ ಅಷ್ಟೇ ಜೋರಾಗಿ ಕೇಳಿಸಿದರೆ, ಬರೀ ಸೀಲಿಂಗ್ ಕೆಲಸದಿಂದ ನೀವು ಬಯಸಿದಷ್ಟು ನಿಶ್ಶಬ್ದ ಸಿಗದು.